ಹಿತ್ತಲಿಗೆ ಮುರುಗಲೋ, ಉಪ್ಪಾಗೆಯೋ?

ಕರಾವಳಿಯಲ್ಲೂ ಮಲೆನಾಡಿನಲ್ಲೂ ಹುಣಸೆಹಣ್ಣನ್ನು ಪೇಟೆಯಿಂದ ತರುವ ಎಷ್ಟೋ ಮನೆಗಳ ಹಿತ್ತಲಲ್ಲಿ ಹುಳಿಯ ಮರವೊಂದಕ್ಕೆ ಜಾಗ ಇದ್ದೇ ಇರುತ್ತದೆ. ಆ ಜಾಗಕ್ಕೆ ಪೈಪೋಟಿ ಇರುವುದು ಎರಡು ನಿತ್ಯಹಸಿರು ಮರಗಳಿಗೆ. ಒಂದು ಮುರುಗಲು. ದಕ್ಷಿಣ ಕನ್ನಡದವರಿಗೆ ಇದು ಪುನರ್ಪುಳಿ, ಕೊಂಕಣಿ ಮನೆಗಳಲ್ಲಿ ಬಿರಿಂಡ, ಅಂಗಡಿಯ ಬಾಟಲಿಯ ಮೇಲೆ ಕೋಕಂ. ಇನ್ನೊಂದು ಉಪ್ಪಾಗೆ. ಕೇರಳದ ಮೀನು ಸಾರಿನ ಕುಡಂಪುಳಿಯೂ ಕೊಡಗಿನ ಕಾಚಂಪುಳಿಯೂ ಆಗುವುದು ಇದರ ಹಣ್ಣಿನಿಂದ. ಎರಡೂ ಗಾರ್ಸಿನಿಯಾ ಕುಲದವೇ, ತೊಗಟೆ ಕೆತ್ತಿದರೆ ಎರಡರಲ್ಲೂ ಹಳದಿ ಹಾಲು ಜಿನುಗುತ್ತದೆ.

ಒಂದೇ ಮರಕ್ಕೆ ಜಾಗ ಇದ್ದಾಗ ಹೆಚ್ಚಿನವರು ರುಚಿ ನೋಡಿ ಆರಿಸುತ್ತಾರೆ. ಎರಡನ್ನೂ ಬೆಳೆಸಿ, ಕೊಯ್ದು, ಒಣಗಿಸಿ, ಒಲೆಯ ಮೇಲಿಟ್ಟು ನೋಡಿದರೆ ರುಚಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಎಂದು ಗೊತ್ತಾಗುತ್ತದೆ: ಹಣ್ಣಾಗುವುದು ಯಾವಾಗ? ಮುರುಗಲು ಏಪ್ರಿಲ್-ಮೇ ತಿಂಗಳ ಸುಡುಬಿಸಿಲಿಗೆ ಹಣ್ಣಾಗುತ್ತದೆ. ಉಪ್ಪಾಗೆ ಜೂನ್‌ನಿಂದ ಆಗಸ್ಟ್‌ವರೆಗೆ, ಬಟ್ಟೆಯೂ ಒಣಗದ ಜಡಿಮಳೆಯಲ್ಲಿ. ಎರಡೂ ವರ್ಷವಿಡೀ ಬಳಸುವುದು ಒಣಸಿಪ್ಪೆಯ ರೂಪದಲ್ಲೇ ಆದ್ದರಿಂದ ಮುಂದಿನ ಲೆಕ್ಕವೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಲ್ಲುತ್ತದೆ.

ಸಸಿ ಕೊಳ್ಳುವಾಗ

ಎರಡರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುತ್ತವೆ, ಯಾವುದು ಏನೆಂದು ತಿಳಿಯುವುದು ಹೂ ಬಿಟ್ಟ ಮೇಲೆಯೇ. ಬೀಜದ ಮುರುಗಲು ಫಲಕ್ಕೆ ಬರಲು 7-8 ವರ್ಷ ಬೇಕು, ಉಪ್ಪಾಗೆಗೆ 10-12 ವರ್ಷ. ಅಷ್ಟು ಕಾಲ ನೀರು, ಗೊಬ್ಬರ ಕೊಟ್ಟು ಕೊನೆಗೆ ಗಂಡು ಹೂ ಕಂಡರೆ ಆ ಮರವನ್ನು ಕಡಿಯಲೂ ಮನಸ್ಸಾಗುವುದಿಲ್ಲ, ಇಟ್ಟುಕೊಳ್ಳಲೂ ಆಗುವುದಿಲ್ಲ. ಹೂವಿನ ಗುರುತು ಸುಲಭ. ಗಂಡು ಹೂ ಗೊಂಚಲಾಗಿ ಬರುತ್ತದೆ, ದಪ್ಪ ಎಸಳುಗಳ ನಡುವೆ ಕೇಸರಗಳ ಗುಂಡನೆಯ ಮುದ್ದೆ ಇರುತ್ತದೆ. ಹೆಣ್ಣು ಹೂ ಒಂಟಿಯಾಗಿ, ಹೆಚ್ಚೆಂದರೆ ಎರಡು-ಮೂರು ಜೊತೆಯಲ್ಲಿ. ಎಸಳು ಸರಿಸಿದರೆ ಕಡಲೆಕಾಳಿಗಿಂತ ಚಿಕ್ಕ ಹಸಿರು ಕಾಯಿ ಆಗಲೇ ಅಲ್ಲಿ ಕೂತಿರುತ್ತದೆ.

ಹಾಗಾಗಿ ಹಿತ್ತಲಿಗೆ ಕಸಿ ಗಿಡವೇ ಸರಿ. ಚೆನ್ನಾಗಿ ಫಲ ಕೊಡುವ ಹೆಣ್ಣು ಮರದ ಕುಡಿಯನ್ನು ಬೀಜದ ಸಸಿಯ ಎಳೆ ಕಾಂಡಕ್ಕೆ ಸೀಳಿ ಕೂರಿಸಿದ ಕಸಿಯಲ್ಲಿ ಮುರುಗಲು 4-5 ವರ್ಷಕ್ಕೆ, ಉಪ್ಪಾಗೆ 3-4 ವರ್ಷಕ್ಕೆ ಮೊದಲ ಹಣ್ಣು ತೋರಿಸುತ್ತದೆ. ಆದರೆ ಕಸಿಯಲ್ಲೂ ಒಂದು ಮೋಸ ಇದೆ, ನರ್ಸರಿಯವರು ಅದನ್ನು ಹೇಳುವುದು ಕಡಿಮೆ. ಈ ಮರಗಳಲ್ಲಿ ನೆಟ್ಟಗೆ ಮೇಲೇರುವ ಕುಡಿ ಬೇರೆ, ಪಕ್ಕಕ್ಕೆ ಚಾಚುವ ರೆಂಬೆಯ ಕುಡಿ ಬೇರೆ. ಪಕ್ಕದ ರೆಂಬೆಯಿಂದ ತೆಗೆದ ಕುಡಿ ಕಸಿಯಾದ ಮೇಲೂ ತನ್ನ ಸ್ವಭಾವ ಬಿಡುವುದಿಲ್ಲ. ಗೂಟ ಕೊಟ್ಟರೂ ನೆಲದತ್ತ ಹರಡುತ್ತಲೇ ಹೋಗುತ್ತದೆ, ಮರವಾಗಿ ಏಳುವುದಿಲ್ಲ. ಒಂದು ಮರದಲ್ಲಿ ನೆಟ್ಟಗಿನ ಕುಡಿಗಳು ಬೆರಳೆಣಿಕೆಯಷ್ಟೇ ಸಿಗುವುದರಿಂದ ಪಕ್ಕದ ಕುಡಿಗಳನ್ನೇ ಬಳಸಿ ಬಿಡುತ್ತಾರೆ.

ಪರೀಕ್ಷೆ ಹೀಗೆ: ಗಿಡವನ್ನು ಮೇಲಿನಿಂದ ಬಗ್ಗಿ ನೋಡಿ. ಎಲೆಜೋಡಿಗಳು ಒಂದಕ್ಕೊಂದು ಅಡ್ಡವಾಗಿ ತಿರುಗಿ ನಾಲ್ಕೂ ದಿಕ್ಕಿಗೆ ಚಾಚಿದ್ದರೆ ಅದು ನೆಟ್ಟಗಿನ ಕುಡಿ. ಎಲೆಗಳೆಲ್ಲ ಬೀಸಣಿಗೆಯ ಹಾಗೆ ಒಂದೇ ಮಟ್ಟದಲ್ಲಿ ಹರಡಿ ಕುಡಿ ಒಂದು ಬದಿಗೆ ವಾಲಿದ್ದರೆ ಅಡ್ಡ ರೆಂಬೆಯದ್ದು. ಮುರುಗಲಿನಲ್ಲಿ ಇಂಥದ್ದನ್ನು ತರಲೇಬೇಡಿ, ನೆಟ್ಟಗಿನ ಗೋಪುರದಂಥ ಆಕಾರವೇ ಅದರ ಚೆಂದವೂ ಹೌದು, ಫಲದ ಜಾಗವೂ ಹೌದು. ಉಪ್ಪಾಗೆಯಲ್ಲಿ ಮಾತ್ರ ಮನೆ ಬಳಕೆಗೆ ಅಡ್ಡ ಹರಡುವ ಕಸಿಯೇ ವಾಸಿ ಎನ್ನಿಸುತ್ತದೆ. ಕಾರಣ ಕೊಯ್ಲು. ಬೀಜದ ಉಪ್ಪಾಗೆ 15 ಮೀಟರ್ ದಾಟಿ ಬೆಳೆಯುತ್ತದೆ, ಹಣ್ಣಾಗುವುದು ಪಾಚಿಗಟ್ಟಿದ ಕಾಂಡದ ಮೇಲೆ ಕಾಲು ನಿಲ್ಲದ ಮಳೆಗಾಲದಲ್ಲಿ. ಪೊದೆಯಾಗಿ ಹರಡಿದ ಗಿಡದಲ್ಲಿ ನೆಲದ ಮೇಲೆ ನಿಂತೇ ಕೊಯ್ಯಬಹುದು.

ಹೆಸರಿರುವ ತಳಿಗಳು ಬೇಕೆಂದರೆ ಮುರುಗಲಿನಲ್ಲಿ ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತಾ, ಕೊಂಕಣ ಹಾತಿಸ್ ಇವೆ. ಉಪ್ಪಾಗೆಯಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಅಮೃತಂ, ಹರಿತಂ ಇವೆ. ಇವು ಸಿಗದಿದ್ದರೆ ಬೇಸರ ಬೇಡ. ಊರಿನ ಒಳ್ಳೆಯ ಹೆಣ್ಣು ಮರವೊಂದರ ಹಣ್ಣು ಕೊಯ್ದು ಸಿಪ್ಪೆಯ ದಪ್ಪ ನೋಡಿ, ಅದರದೇ ಕುಡಿ ಕಸಿ ಮಾಡಿಸಿಕೊಳ್ಳಿ. ಮುರುಗಲಿನಲ್ಲಿ ಇನ್ನೂ ಒಂದು ಗುಣ ನೋಡಬೇಕು: ಬೇಗ ಹಣ್ಣಾಗುವ ಮರವೇ ಎಂದು. ಮೇ ಕೊನೆಗೆ ಹಣ್ಣಾಗುವ ಮರದ ಫಸಲು ಮುಂಗಾರಿನ ಮೊದಲ ಮಳೆಗಳಿಗೆ ಸಿಕ್ಕಿ ಮರದಲ್ಲೇ ಕೊಳೆಯುತ್ತದೆ. ಬಿಸಿಲ ಹಣ್ಣೆಂಬ ಅದರ ಲಾಭವೇ ಆಗ ಕೈಬಿಟ್ಟು ಹೋಗುತ್ತದೆ.

ಹೆಣ್ಣು ಗಿಡ ಒಂದನ್ನೇ ನೆಟ್ಟರೆ ಕಾಯಿ ಕಚ್ಚುತ್ತದೆಯೇ? ಹತ್ತಿರದ ಬೆಟ್ಟದಲ್ಲೋ ಪಕ್ಕದ ತೋಟದಲ್ಲೋ ಅದೇ ಜಾತಿಯ ಗಂಡು ಮರ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಹೆಣ್ಣು ಗಿಡದ ಒಂದು ಕೊಂಬೆಗೆ ಗಂಡು ಕುಡಿ ಕಸಿ ಕಟ್ಟಿಸಿ. ಸಾಲು ಹಾಕುವವರು ಹತ್ತಕ್ಕೊಂದು ಗಂಡು ಗಿಡ ಇಟ್ಟರೆ ಸಾಕು.

ಸ್ವತಃ ಕಸಿ ಕಟ್ಟಲು ಬುಡಸಸಿ ಎಬ್ಬಿಸುವವರಿಗೆ ಎರಡರ ಬೀಜವೂ ಬೇರೆ ಬೇರೆ ಕಾಟ ಕೊಡುತ್ತವೆ. ಮುರುಗಲು ಬೀಜ ಒಣಗಿದರೆ ಸತ್ತಂತೆ. ತಿರುಳು ತೊಳೆದು ನಾಲ್ಕೈದು ದಿನದೊಳಗೆ ಬಿತ್ತಬೇಕು. ಉಪ್ಪಾಗೆಯದ್ದು ಬಿತ್ತಿ ಐದಾರು ತಿಂಗಳು ಕಾದರೂ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ, ಜನ ಸತ್ತಿದೆ ಎಂದುಕೊಂಡು ಚೆಲ್ಲಿ ಬಿಡುತ್ತಾರೆ. ಗಟ್ಟಿ ಹೊರಸಿಪ್ಪೆಯನ್ನು ಒಳಗಿನ ಬೀಜಕ್ಕೆ ಗಾಯವಾಗದಂತೆ ಸುಲಿದು ಬಿತ್ತಿದರೆ ಕೆಲವೇ ವಾರಗಳಲ್ಲಿ ಮೊಳೆಯುತ್ತದೆ.

ನೆಡುವ ಕೆಲಸದಲ್ಲಿ ಹೇಳುವಂಥ ವ್ಯತ್ಯಾಸ ಕಡಿಮೆ. 60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ, ಮೇಲ್ಮಣ್ಣಿಗೆ ಬೆರೆಸಿದ ಹಳೆಯ ಕೊಟ್ಟಿಗೆ ಗೊಬ್ಬರ. ಮುರುಗಲಿಗೆ ಸುತ್ತ 6 ಮೀಟರ್ ಬಿಡಿ, ಬೀಜದ ಉಪ್ಪಾಗೆಗೆ 7, ಕಸಿ ಉಪ್ಪಾಗೆಗೆ 4 ಸಾಕು. ಕಸಿ ಗಂಟು ಮಣ್ಣಿನ ಮೇಲೆಯೇ ಇರಲಿ, ಅದರ ಕೆಳಗೆ ಏಳುವ ಚಿಗುರನ್ನು ಕಂಡಾಗೆಲ್ಲ ಚಿವುಟಿ. ಚಿವುಟದಿದ್ದರೆ ಬುಡಸಸಿಯೇ ಮೇಲೆದ್ದು ಕಸಿ ಕುಡಿಯನ್ನು ನುಂಗುತ್ತದೆ. ಮೊದಲ ಎರಡು ಬೇಸಿಗೆ ಅಡಿಕೆ ಸೋಗೆಯ ನೆರಳು, ಬುಡಕ್ಕೆ ದರಕಿನ (ಒಣ ಎಲೆಯ) ಹೊದಿಕೆ, ವಾರಕ್ಕೆರಡು ಸಲ ನೀರು. ಮುರುಗಲು ಆಮೇಲೆ ಇಳಿಜಾರಿನ ಜಂಬಿಟ್ಟಿಗೆ ನೆಲದಲ್ಲೂ ತನ್ನ ಪಾಡಿಗೆ ಬೆಳೆಯುತ್ತದೆ. ಉಪ್ಪಾಗೆಗೆ ತಂಪು ಹೆಚ್ಚು ಬೇಕು, ಹಳ್ಳದ ದಂಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಒಣಗಿಸುವುದು

ಮುರುಗಲಿನದು ಸಲೀಸು. ಹಣ್ಣನ್ನು ಅಡ್ಡಕ್ಕೆ ಎರಡು ಹೋಳು ಮಾಡಿ ಬೀಜ, ತಿರುಳನ್ನು ಸ್ಟೀಲ್ ಪಾತ್ರೆಗೆ ಜಾರಿಸಿ, ಸಿಪ್ಪೆಯ ಬಟ್ಟಲುಗಳನ್ನು ಚಾಪೆಯ ಮೇಲೆ ಹರವಿ. ಒಳ್ಳೆಯ ಬಿಸಿಲಿಗೆ ಐದಾರು ದಿನದಲ್ಲಿ ಚರ್ಮದಂತೆ ಬಾಗುವ ಹದಕ್ಕೆ ಬರುತ್ತದೆ. 10 ಕಿಲೊ ಹಣ್ಣಿಗೆ ಸುಮಾರು 5 ಕಿಲೊ ಹಸಿ ಸಿಪ್ಪೆ, ಅದು ಒಣಗಿ ಕಿಲೊ ಆಸುಪಾಸು. ಕಪ್ಪಗಿನ, ಮೆತ್ತಗಿನ ಸಿಪ್ಪೆ ಬೇಕೆಂದರೆ ತಿರುಳಿನ ರಸಕ್ಕೆ ಲೀಟರಿಗೆ 100-150 ಗ್ರಾಂ ಕಲ್ಲುಪ್ಪು ಕರಗಿಸಿ, ರಾತ್ರಿ ಸಿಪ್ಪೆಯನ್ನು ಅದರಲ್ಲಿ ನೆನೆಸಿ, ಹಗಲು ಒಣಗಿಸಿ. ಮೂರು-ನಾಲ್ಕು ಸಲ ಹೀಗೆ ಮಾಡಿದರೆ ಹುಳಿ ಗಟ್ಟಿಯಾಗುತ್ತದೆ, ವರ್ಷ ಕಳೆದರೂ ಹುಳ ಹತ್ತುವುದಿಲ್ಲ.

ಉಪ್ಪಾಗೆಯ ಹಣ್ಣು ಪುಟಾಣಿ ಚೀನಿಕಾಯಿಯ ಹಾಗೆ ಗೆರೆಗೆರೆಯಾಗಿ ಸೀಳಿದ ಆಕಾರದ್ದು. ಹಸಿರು ಹೋಗಿ ಹಳದಿ ಪೂರ್ತಿ ಏರಿದ ಮೇಲೆ ಕೊಯ್ದು, ಗೆರೆಯ ಗುಂಟ ಸೀಳಿ, ಬೀಜ ತೆಗೆದು, ಹೋಳು ಬಿಡಿಸಬೇಕು. ಇಲ್ಲಿಯವರೆಗೆ ಕೆಲಸ ಮುರುಗಲಿಗಿಂತ ಹಗುರ. ಆಮೇಲೆ ಬಿಸಿಲಿಲ್ಲ. ಹೋಳುಗಳನ್ನು ಒಂದು ರಾತ್ರಿ ರಾಶಿ ಹಾಕಿಟ್ಟರೆ ಬೆಳಿಗ್ಗೆ ಲೋಳೆ ಕಟ್ಟಿರುತ್ತದೆ, ಎರಡನೇ ದಿನಕ್ಕೆ ಬಿಳಿ ಬೂಸಲು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಬಿದಿರು ತಟ್ಟಿಯ ಮೇಲೆ ಒಂದೇ ಪದರ ಹರವಿ, ದಿನಕ್ಕೆರಡು ಸಲ ಮಗುಚಿ ಹಾಕಿದರೆ ನಾಲ್ಕೈದು ದಿನದಲ್ಲಿ ಕಪ್ಪಾಗಿ ಒಣಗುತ್ತದೆ. ಹೋಳು ಮುರಿದಾಗ ಒಳಗೆ ಕಂದು ಬಣ್ಣದ ಹಸಿ ಕಂಡರೆ ಇನ್ನೂ ಆಗಿಲ್ಲ. ಒಣಗಿದ ಕಿಲೊ ಸಿಪ್ಪೆಗೆ 150 ಗ್ರಾಂ ಉಪ್ಪು, 50 ಮಿಲಿ ಕೊಬ್ಬರಿ ಎಣ್ಣೆ ತಿಕ್ಕಿ ಭರಣಿಗೆ ತುಂಬಿದರೆ ಬೂಸಲು ಹತ್ತಿರ ಸುಳಿಯುವುದಿಲ್ಲ.

ಇದಕ್ಕೆಂದೇ ಬೇರೆ ಬೆಂಕಿ ಹಾಕಿದರೆ ಹುಳಿಗಿಂತ ಸೌದೆ ತುಟ್ಟಿ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆಂದು ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿದಾಗ ಪಶ್ಚಿಮ ಘಟ್ಟದ ಕಾಡಿನಲ್ಲಿ ಎರಡು ನಷ್ಟ ಒಟ್ಟಿಗೇ ಆದವು: ಬಲಿಯದ ಕಾಯಿಗಾಗಿ ಕೊಂಬೆ ಕಡಿದರು, ಒಣಗಿಸಲು ಮರ ಉರಿಸಿದರು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಈ ಹಣ್ಣೇ ಮಳೆಗಾಲದ ಊಟ. ಕಾಡಿನಿಂದ ತರುವುದಕ್ಕಿಂತ ಹಿತ್ತಲಲ್ಲಿ ಬೆಳೆಯುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅಡಿಕೆಗೆಂದು ಕಟ್ಟಿಸಿದ ಡ್ರೈಯರ್ ಮಳೆಗಾಲದಲ್ಲಿ ಖಾಲಿ ಇರುವ ಮನೆಗಳಲ್ಲಿ ಉಪ್ಪಾಗೆಯನ್ನು ಅದರಲ್ಲೇ ಒಣಗಿಸಬಹುದು. ಹೊಗೆಯ ವಾಸನೆ ಇಲ್ಲದ ಸಿಪ್ಪೆ ಸಿಗುತ್ತದೆ.

ಪಾತ್ರೆಯಲ್ಲಿ

ಒಂದು ಲೀಟರ್ ನೀರಿಗೆ ಎಂಟು-ಹತ್ತು ಒಣ ಮುರುಗಲು ಸಿಪ್ಪೆ ಹಾಕಿ ಐದಾರು ನಿಮಿಷ ಕುದಿಸಿ, ಹಸಿಮೆಣಸು, ಬೆಲ್ಲ, ಉಪ್ಪು ಸೇರಿಸಿ, ಬೆಳ್ಳುಳ್ಳಿ-ಜೀರಿಗೆ ಒಗ್ಗರಣೆ ಕೊಟ್ಟರೆ ದಾಸವಾಳದ ಬಣ್ಣದ ಸಾರು. ಹುಳಿ ನಾಲಗೆಗೆ ತಕ್ಷಣ ತಾಗಿ ಹಣ್ಣಿನ ಪರಿಮಳ ಬಿಟ್ಟು ಹೋಗುತ್ತದೆ. ಅಷ್ಟೇ ನೀರಿಗೆ ಮೂರು ಹೋಳು ಉಪ್ಪಾಗೆ ಹಾಕಿದರೆ ಹುಳಿ ಸಮ ಆಗುತ್ತದೆ, ಬಣ್ಣ ಮಾತ್ರ ಕಾಫಿ ಕಷಾಯದ್ದು. ಅಟ್ಟದ ಸಿಪ್ಪೆಯಾದರೆ ಹೊಗೆ ಮುಂದೆ ಬರುತ್ತದೆ, ಸಾರಿಗೆ ಅದು ಒಗ್ಗುವುದಿಲ್ಲ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿದರೂ ಪೂರ್ತಿ ಹೋಗದು.

ಮೀನಿನಲ್ಲಿ ಮಾತು ತಿರುಗುತ್ತದೆ. ಅರ್ಧ ಕಿಲೊ ಬಂಗುಡೆಯ ಸಾರಿಗೆ ಎರಡು ಹೋಳು ಉಪ್ಪಾಗೆ ಹಾಕಿ ನೋಡಿ: ಆ ಹೊಗೆ, ಆ ಒಗರು ಮೀನಿನ ಎಣ್ಣೆಯನ್ನು ಕಡಿದು ಹದಕ್ಕೆ ತರುತ್ತದೆ. ಮುರುಗಲು ಅಲ್ಲಿ ತೆಳುವಾಗಿ ಬಿಡುತ್ತದೆ. ಎರಡರಲ್ಲೂ ತಪ್ಪುವುದು ಒಂದೇ ಕಡೆ. ಸಿಪ್ಪೆಯನ್ನು ಪಾತ್ರೆಯಲ್ಲೇ ಬಿಟ್ಟರೆ ರಾತ್ರಿಯಿಡೀ ಹುಳಿ ಬಿಡುತ್ತಲೇ ಇರುತ್ತದೆ, ಮರುದಿನದ ಸಾರು ಬಾಯಿಗಿಡಲಾಗದು. ಹದ ಬಂದ ಕೂಡಲೇ ತೆಗೆದಿಡಿ. ಅಲ್ಯೂಮಿನಿಯಂ ಪಾತ್ರೆ ಎರಡಕ್ಕೂ ಬೇಡ.

ಶರಬತ್ತಿಗೆ ಪೈಪೋಟಿಯೇ ಇಲ್ಲ, ಅದು ಮುರುಗಲಿನದು. ಹಸಿ ಸಿಪ್ಪೆ 1 ಕಿಲೊಗೆ ಸಕ್ಕರೆ 2 ಕಿಲೊ, ಭರಣಿಯಲ್ಲಿ ಪದರ ಪದರವಾಗಿ. ದಿನಾ ಒಣ ಸೌಟಿನಿಂದ ತಿರುವಿ, ಸಕ್ಕರೆ ಪೂರ್ತಿ ಕರಗಿದ ಮೇಲೆ ಏಳೆಂಟನೇ ದಿನ ಸೋಸಿ. ಸಕ್ಕರೆ ಉಳಿಸಲು ಒಂದಕ್ಕೊಂದು ಹಾಕಿದರೆ ನಾಲ್ಕನೇ ದಿನಕ್ಕೆ ನೊರೆ ಏಳುತ್ತದೆ, ಹೆಂಡದ ವಾಸನೆ ಬರುತ್ತದೆ. ಕುದಿಸಬೇಡಿ, ಬಿಸಿಲು ಬೀಳುವ ಕಪಾಟಿನಲ್ಲಿಡಬೇಡಿ. ಆ ಕೆಂಪು ಬಿಸಿಗೂ ಬೆಳಕಿಗೂ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಉತ್ತರ ಕನ್ನಡದಲ್ಲಿ ಸಿಗುವ ಬಿಳಿ ಮುರುಗಲಿನಲ್ಲಿ ಈ ಬಣ್ಣವೇ ಇಲ್ಲ, ಹುಳಿ ಮಾತ್ರ ಹಾಗೆಯೇ ಇದೆ. ತೆಂಗಿನ ಹಾಲಿನ ಸೋಲಕಡಿಗೆ ನೆನೆಸಿದ ಸಿಪ್ಪೆಯ ತಣ್ಣನೆಯ ನೀರನ್ನೇ ಬಳಸಿ, ಬಿಸಿ ಇದ್ದರೆ ಹಾಲು ಒಡೆಯುತ್ತದೆ.

ಉಪ್ಪಾಗೆಯ ಉತ್ತರ ಕಾಚಂಪುಳಿ. ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ಇಟ್ಟ ಪಾತ್ರೆಗೆ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸುವುದು ಕೊಡಗಿನ ಪದ್ಧತಿ. ಕಿಲೊ ಹಂದಿ ಮಾಂಸಕ್ಕೆ ಒಂದೆರಡು ಚಮಚ ಸಾಕು, ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ. ಬಿಸಿಲಿನ ಹಂಗೇ ಇಲ್ಲದ ಈ ದಾರಿ, ಒಣಗಿಸಲು ಅನುಕೂಲವಿಲ್ಲದ ಉಪ್ಪಾಗೆ ಮನೆಗಳಿಗೆ ನಮ್ಮ ಮೊದಲ ಸಲಹೆ.

ಒಟ್ಟು ನೋಡಿದರೆ ಸಸ್ಯಾಹಾರದ ಅಡುಗೆ, ಗ್ಯಾಸ್ ಒಲೆ, ಬಿಸಿಲು ಬೀಳುವ ಅಂಗಳ ಇರುವ ಮನೆಗೆ ಮುರುಗಲು. ಮೀನು-ಮಾಂಸದ ಅಡುಗೆ ಇದ್ದು ಬಚ್ಚಲೊಲೆ ಈಗಲೂ ಉರಿಯುತ್ತಿದ್ದರೆ, ಇಲ್ಲವೇ ಡ್ರೈಯರ್ ಇದ್ದರೆ ಉಪ್ಪಾಗೆ. ಕೂಲಿಗೆ ಜನ ಸಿಗದ ಊರಿನಲ್ಲಿ ಎತ್ತರದ ಉಪ್ಪಾಗೆಯ ಕೊಯ್ಲಿನ ಅಪಾಯವೊಂದನ್ನೇ ನೋಡಿದರೂ ಮುರುಗಲೇ ಮುಂದೆ.

ಬೀಜವನ್ನು ಮಾತ್ರ ಚೆಲ್ಲಬೇಡಿ. ಎರಡರ ಬೀಜದಿಂದಲೂ ತುಪ್ಪ ಎಂದು ಕರೆಯುವ ಗಟ್ಟಿ ಎಣ್ಣೆ ಬರುತ್ತದೆ, ಆದರೆ ಉಪ್ಪಾಗೆಯದ್ದನ್ನು ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಮುರುಗಲು ಬೀಜವನ್ನು ತೊಳೆದು ಬೇಸಿಗೆಯಲ್ಲೇ ಗಲಗಲ ಅನ್ನುವವರೆಗೆ ಒಣಗಿಸಿ, ಸಿಪ್ಪೆ ಒಡೆದು ಬೇಳೆ ತೆಗೆದು, ನುಣ್ಣಗೆ ಕುಟ್ಟಿ, ನಾಲ್ಕು ಪಟ್ಟು ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಇನ್ನೊಂದು ಪಾತ್ರೆಗೆ ಹಾಕಿ, ನೀರಿನ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ಸದ್ದು ನಿಲ್ಲುವ ಮೊದಲೇ ಇಳಿಸಿದರೆ ಉಳಿದ ನೀರಿನಿಂದ ತುಪ್ಪಕ್ಕೆ ಕಮಟು ಹತ್ತುತ್ತದೆ. ಸರಿಯಾಗಿ ಕಾಯಿಸಿದ್ದು ತಣಿದಾಗ ಮೇಣದಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಚಿಪ್ಪಿನಲ್ಲಿ ಹೊಯ್ದು ಗಟ್ಟೆ ಮಾಡಿಟ್ಟುಕೊಂಡರೆ ಒಡೆದ ಹಿಮ್ಮಡಿಗೆ ಬೇಕಾದಾಗ ಚೂರು ಕೆರೆದು ದೀಪದ ಬಿಸಿಗೆ ಕರಗಿಸಿ ಹಚ್ಚಬಹುದು.