ಮೊಲದ ಆಟೋಮ್ಯಾಟಿಕ್ ನೀರಿನ ಸೆಟ್ ಅಂತ ಕೋಳಿ ನಿಪ್ಪಲ್ ಮಾರುತ್ತಿದ್ದಾರೆ, ಹುಷಾರು!

ಶಿವಮೊಗ್ಗ ಕಡೆ ಮೊಲ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೂಡಿಗೆ ಆಟೋಮ್ಯಾಟಿಕ್ ನೀರಿನ ಸೆಟ್ ತಗೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಾನು 2,400 ರೂಪಾಯಿ ಕೊಟ್ಟು ತಂದಿದ್ದು ಮೊಲದ್ದೇ ಅಲ್ಲ. ಕೋಳಿದು! ಕೋಳಿ ಫಾರಂನಲ್ಲಿ ಪೈಪಿನ ಅಡಿಗೆ ಸಾಲಾಗಿ ಹಾಕಿರುತ್ತಾರಲ್ಲ, ಕುಕ್ಕಿದರೆ ಹನಿ ನೀರು ಬಿಡುವ ಪುಟ್ಟ ನಳ, ಅದೇ ನಿಪ್ಪಲ್. ಅದನ್ನು ಚೆಂದದ ಡಬ್ಬಿಗೆ ಹಾಕಿ, ಮೇಲೆ ಮೊಲದ ಚಿತ್ರ ಅಂಟಿಸಿ, ‘ಇಂಪೋರ್ಟೆಡ್’ ಅಂತ ನನ್ನ ಕೈಗೆ ಕೊಟ್ಟಿದ್ದಾರೆ. ಈಗ ಬರೆಯುವಾಗಲೂ ಸಿಟ್ಟು ಬರುತ್ತಿದೆ.

ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಮಗಳ ಆಸೆಗೆ ಸಾಕಿದ ಮೊಲಗಳು. ಕೊನೆಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ಮನೆಗಳು ಹೇಗಿರುತ್ತವೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಅಡಿಕೆ ಸುಲಿಯೋದು, ಬೇಯಿಸೋದು, ಒಣಗಿಸೋದು. ಮೊಲಕ್ಕೆ ನೀರಿಟ್ಟಿದ್ದೀರಾ ಅಂತ ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ಹಗುರ ಬಟ್ಟಲಿಟ್ಟರೆ ಚಿನ್ನಿ ಅನ್ನೋ ಮೊಲ ಒಂದೇ ಸಲಕ್ಕೆ ಮಗುಚಿ ಹಾಕುತ್ತದೆ. ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ಸಾಕುಪ್ರಾಣಿ ಸಾಮಾನಿನ ಅಂಗಡಿಯೊಂದಕ್ಕೆ ಹೋದೆ. ಹೆಸರು ಬೇಡ.

ಅಂಗಡಿಯವನ ಮಾತು ಕೇಳಬೇಕಿತ್ತು ನೀವು. “ಅಕ್ಕಾ, ಟ್ಯಾಂಕಿ ಪೈಪಿಗೆ ನೇರ ಕೊಟ್ಟುಬಿಡಿ, ಮರ್ತುಬಿಡಿ. ನೀವು ವಾರಗಟ್ಟಲೆ ಊರಿಗೆ ಹೋಗಿ ಬಂದ್ರೂ ನೀರು ಇರುತ್ತೆ.” ಬಿಲ್ ಕೇಳಿದೆ. “ಬಿಲ್ ಹಾಕಿದ್ರೆ ಜಿಎಸ್‌ಟಿ ಸೇರುತ್ತೆ ಅಕ್ಕಾ, ಸುಮ್ನೆ ನಿಮಗೆ ಜಾಸ್ತಿ ಆಗುತ್ತೆ” ಅಂತ ಒಂದು ಚೀಟಿ ಬರೆದುಕೊಟ್ಟ. ಜೊತೆಗೆ ಎರಡು ನೀರಿನ ಬಾಟ್ಲಿ ಫ್ರೀ. “ಪ್ಯೂರ್ ಸ್ಟೀಲ್ ಕೊಳವೆ ಅಕ್ಕಾ, ಜೀವಮಾನ ಬರುತ್ತೆ.”

ಮನೆಗೆ ತಂದು ಅವನು ಹೇಳಿದ ಹಾಗೇ ಗೂಡಿನ ಬದಿಗೆ ಅಡ್ಡವಾಗಿ ಕೂರಿಸಿ, ಪೈಪ್ ಜೋಡಿಸಿದೆವು. ನಮ್ಮ ಟ್ಯಾಂಕಿ ಇರುವುದು ಗುಡ್ಡದ ಮೇಲೆ, ಅಬ್ಬಿ ನೀರು, ಅಂದರೆ ಗುಡ್ಡದ ಝರಿ ನೀರು, ತುಂಬಿ ಅಲ್ಲಿಂದ ಇಳಿದು ಬರುತ್ತದೆ. ಹತ್ತು ಮೀಟರ್ ಎತ್ತರದಿಂದ ಇಳಿದ ನೀರಿಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಇರುತ್ತದೆ, ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆಲ್ಲ ಗೊತ್ತು. ಆ ಒತ್ತಡಕ್ಕೆ ನಿಪ್ಪಲ್ ಪಿನ್, ಅಂದರೆ ತಳ್ಳಿದರೆ ನೀರು ಬಿಡುವ ಸಣ್ಣ ಕಡ್ಡಿ, ಒಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ನನ್ನ ಬೆರಳಲ್ಲಿ ಒತ್ತಿದರೇ ಕಷ್ಟ. ಎರಡು ಕಿಲೋ ಮೊಲ ಮೂತಿಯಲ್ಲಿ ಎಲ್ಲಿ ತಳ್ಳುತ್ತದೆ? ಪೈಪಲ್ಲಿ ಮಾತ್ರ ನೀರು ತುಂಬಿಕೊಂಡು ಮಿರಮಿರ ಕಾಣುತ್ತದೆ! ನೋಡಿದವರೆಲ್ಲ ‘ನೀರಿದೆ’ ಅಂದುಕೊಂಡು ಹೋದರು.

ಆಟೋಮ್ಯಾಟಿಕ್‌ನ ದೊಡ್ಡ ಅಪಾಯ ಇದೇ. ಬಟ್ಟಲು ಖಾಲಿಯಾದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ನೀರು ಕಾಣುತ್ತದೆ, ಆದರೆ ಮೊಲಕ್ಕೆ ಸಿಗುತ್ತಿಲ್ಲ ಅನ್ನೋದು ಕಾಣುವುದಿಲ್ಲ.

ಅವನಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರ: “ಮೊಲ ಕಲೀಬೇಕು ಅಕ್ಕಾ, ಟೈಮ್ ಕೊಡಿ.” ಮತ್ತೆ ಕೇಳಿದ್ದಕ್ಕೆ, “ನಿಪ್ಪಲ್ ತುದಿಗೆ ಸ್ವಲ್ಪ ಬೆಲ್ಲ ಹಚ್ಚಿ.” ಬೆಲ್ಲ! ಹಚ್ಚಿದರೆ ಇರುವೆ ಬಂತು, ಮೊಲ ಬರಲಿಲ್ಲ.

ಅಷ್ಟರಲ್ಲಿ ಚಿನ್ನಿ ಮೇವು ಬಿಟ್ಟಿತ್ತು. ಹಿಕ್ಕೆ ಸಣ್ಣದಾಗಿ, ಒಣಗಿ, ಬೀಳುವುದೇ ಕಡಿಮೆಯಾಯಿತು. ಮೊಲ ನೀರು ಕುಡಿಯದಿದ್ದರೆ ಒಣ ಮೇವು ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಅದು ಜೀವಕ್ಕೇ ಕುತ್ತು ತರುವ ವಿಷಯ. ಅದರ ಮೇಲೆ ಈ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದೂ ಇಲ್ಲ, ಮೂಲೆಯಲ್ಲಿ ಮುದುಡಿ ಕೂತಿರುತ್ತದೆ ಅಷ್ಟೇ. ಡಾಕ್ಟರು ಚರ್ಮದ ಅಡಿಗೆ ನೀರಿನ ಇಂಜೆಕ್ಷನ್ ಕೊಟ್ಟರು. ಒಂದು ಕಿಲೋ ತೂಕದ ಮೊಲ ದಿನಕ್ಕೆ ಸುಮಾರು 50ರಿಂದ 150 ಮಿಲಿ ನೀರು ಕುಡಿಯುತ್ತದೆ, ಎರಡು ಕಿಲೋದ್ದಾದರೆ ಅದರ ಎರಡರಷ್ಟು ಅಂತ ಆವತ್ತು ಅವರೇ ಬಿಡಿಸಿ ಹೇಳಿದರು. ಮಗಳು ಜೀಪಿನಲ್ಲಿ ಅಳುತ್ತಾ ಬಂದಳು. ಚಿನ್ನಿ ಉಳಿಯಿತು.

ಇದನ್ನೂ ಅವನಿಗೆ ಹೇಳಿದೆ. “ಅಯ್ಯೋ ಅಕ್ಕಾ, ಟ್ಯಾಂಕಿಗೆ ನೇರ ಯಾರು ಕೊಡ್ತಾರೆ! ಗೂಡಿನಿಂದ ಎರಡು ಮೂರು ಅಡಿ ಮೇಲೆ ಬಕೆಟ್ ಇಡಬೇಕು.” ನೇರ ಕೊಡಿ, ಮರ್ತುಬಿಡಿ ಅಂದವನು ಇವನೇ! ಇವನೇ ಹೇಳಿದ್ದು! ಆದರೂ ಬಕೆಟ್ ತೂಗುಹಾಕಿದೆವು. ಈ ಸಲ ನಿಪ್ಪಲ್‌ಗಳು ತೊಟ್ಟಿಕ್ಕಲು ಶುರು. ರಾತ್ರಿಯೆಲ್ಲ ಟಪ್ ಟಪ್. ಚಳಿಯಲ್ಲಿ ಗೂಡಿನ ನೆಲ ಒದ್ದೆ, ಹುಲ್ಲು ಒದ್ದೆ, ಮೊಲದ ಗಲ್ಲದ ಕೂದಲು ಒದ್ದೆ. ಒದ್ದೆಯಲ್ಲಿ ಕೂತರೆ ಪಾದ ಹುಣ್ಣಾಗುತ್ತದೆ, ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ. ಮಳೆಗಾಲ ಆಗಿದ್ದರೆ ಏನು ಗತಿ ಅಂತ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

“ನಿಮ್ಮ ಅಬ್ಬಿ ನೀರಲ್ಲಿ ಕಸ ಇದೆ ಮೇಡಂ.” ಇದು ಮುಂದಿನ ಉತ್ತರ. ದುಡ್ಡು ಕೊಡುವ ತನಕ ಅಕ್ಕ, ವಾಪಸ್ ಕೇಳಿದ ಮೇಲೆ ಮೇಡಂ. ಒಂದು ದಿನ ನೀರು ಸರಿಯಿಲ್ಲ, ಮರುದಿನ ಗೂಡು ಸರಿಯಿಲ್ಲ, ಆಮೇಲೆ ಮೊಲದ ಜಾತಿಯೇ ಸರಿಯಿಲ್ಲ. ಅವನ ಸಾಮಾನು ಒಂದೇ ಸರಿ.

ವಾಷರ್ ಹಾಕಿದರೆ ನಿಲ್ಲಬಹುದೇನೋ ಅಂತ ಕೋಳಿ ಫಾರಂ ಸಾಮಾನು ಮಾರುವ ಕಡೆ ಒಂದು ನಿಪ್ಪಲ್ ಹಿಡಿದುಕೊಂಡು ಹೋದೆ. ಕೌಂಟರಿನ ಹುಡುಗ ಅದನ್ನು ತಿರುಗಿಸಿ ನೋಡಿದ. ಏನೂ ಹೇಳದೆ ಕೆಳಗಿನ ಡ್ರಾದಿಂದ ಒಂದು ಹಿಡಿ ತೆಗೆದು ನನ್ನ ಮುಂದೆ ಸುರಿದ. ಅದೇ ಹಳದಿ ಬಣ್ಣ, ಅದೇ ಪಿನ್, ಅದೇ ಸೈಜು. “ವಾಷರ್ ಯಾಕಕ್ಕಾ, ಹೊಸದೇ ತಗೊಳ್ಳಿ, ಇಪ್ಪತ್ತು ರೂಪಾಯಿ. ಎಷ್ಟು ಕೋಳಿ ಇದಾವೆ?” ಅಂದ. ಪಕ್ಕದಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಮೊಲಕ್ಕೆ ಅಂತ ಹೇಳಲು ಬಾಯಿ ಬರಲಿಲ್ಲ ನನಗೆ. ಕೊನೆಗೆ ಹೇಳಿದೆ. ಇಬ್ಬರಲ್ಲಿ ಒಬ್ಬರು ನಕ್ಕೇಬಿಟ್ಟರು. ನಕ್ಕರೆ ನಕ್ಕುಕೊಳ್ಳಲಿ. ಆದರೆ ಒಳಗೆ ಆರು ನಿಪ್ಪಲ್, ಒಂದು ತುಂಡು ಪೈಪ್, ನಾಲ್ಕು ಕ್ಲಿಪ್, ಅದಕ್ಕೆ 2,400 ಎಣಿಸಿ ಕೊಟ್ಟಿದ್ದು ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಆ ಹುಡುಗನೇ ವ್ಯತ್ಯಾಸ ತೋರಿಸಿದ, ಪಾಪ ಒಳ್ಳೆಯವನು. ನನಗೆ ಸಿಕ್ಕಿದ ಥರದ ಕೋಳಿ ನಿಪ್ಪಲ್ ಪೈಪಿನ ಅಡಿಗೆ ನೆಟ್ಟಗೆ ಕೆಳಮುಖವಾಗಿ ಇರಬೇಕು. ಪಿನ್ ತನ್ನ ಭಾರಕ್ಕೆ ಕೂತು ನೀರು ತಡೆಯುತ್ತದೆ, ಕೋಳಿ ಕೆಳಗಿನಿಂದ ಕುಕ್ಕಿದರೆ ಹನಿ ಬೀಳುತ್ತದೆ. ಅದನ್ನು ಅಡ್ಡ ಮಲಗಿಸಿದರೆ ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಮೊಲದ್ದರಲ್ಲಿ ಒಳಗೆ ಸ್ಪ್ರಿಂಗ್ ಇರುತ್ತದೆ. ಬಾಯಲ್ಲಿ ತಳ್ಳಿದರೆ ತೆರೆದು, ಬಿಟ್ಟರೆ ತಾನೇ ಮುಚ್ಚುತ್ತದೆ. ಅದಕ್ಕೇ ಗೂಡಿನ ಬದಿಗೆ ಹಾಕಬಹುದು. ಇಷ್ಟೇ ವಿಷಯ. ಪಿನ್ ಒತ್ತಿ ಬಿಟ್ಟಾಗ ಹಿಂದಕ್ಕೆ ಚಿಮ್ಮಿ ಬರುತ್ತದಾ ಅಂತ ಅಂಗಡಿಯಲ್ಲೇ ನೋಡಿ.

ಫ್ರೀ ಬಾಟ್ಲಿಗಳ ಕಥೆ ಇನ್ನೊಂದು. ಜೀವಮಾನದ ಸ್ಟೀಲ್ ಕೊಳವೆಗೆ ಆಗಲೇ ತುಕ್ಕು! ಒಂದರ ಕೊಳವೆ ತುದಿಯ ಗುಂಡು ಒಳಗೇ ಸಿಕ್ಕಿಕೊಂಡು ನೀರು ಬರುತ್ತಿಲ್ಲ, ಇನ್ನೊಂದು ಬಿಸಿಲು ಬಿದ್ದ ಕೂಡಲೇ ತಾನಾಗಿ ಸುರಿಯುತ್ತದೆ. ಒಳಗಿನ ಗಾಳಿ ಬಿಸಿಗೆ ಹಿಗ್ಗಿದರೆ ನೀರನ್ನು ದೂಡುತ್ತದಂತೆ. ಬಾಟ್ಲಿ ಇಟ್ಟವರು ದಿನಾ ಬೆಳಗ್ಗೆ ಗುಂಡನ್ನು ಬೆರಳಲ್ಲಿ ಒತ್ತಿ ಹನಿ ಬರುತ್ತದಾ ನೋಡಿ. ಮೊಲ ಕುಡಿಯುವಾಗ ಬಾಟ್ಲಿಯಲ್ಲಿ ಗುಳ್ಳೆ ಏಳಬೇಕು. ಗುಳ್ಳೆ ಏಳದಿದ್ದರೆ ಅದು ಸುಮ್ನೆ ಕಬ್ಬಿಣ ನೆಕ್ಕುತ್ತಿದೆ ಅಂತಲೇ. ಆ ಸೆಟ್ ಮಾರಿದವನು ಕೊಟ್ಟ ಪೈಪೂ ಪಾರದರ್ಶಕದ್ದು, ಬೆಳಕು ಬಿದ್ದು ಒಳಗೆಲ್ಲ ಹಸಿರು ಪಾಚಿ. ತೋಟದ ಡ್ರಿಪ್‌ಗೆ ಕಪ್ಪು ಪೈಪ್ ಯಾಕೆ ಹಾಕುತ್ತಾರೆ ಅಂತ ನಮ್ಮ ಆಳಿಗೆ ಗೊತ್ತು, ‘ಇಂಪೋರ್ಟೆಡ್’ ಮಾರುವವನಿಗೆ ಗೊತ್ತಿಲ್ಲ.

ಈಗ ನಾವು ಭಾರದ ಕಲ್ಲಿನ ಬಟ್ಟಲು ಇಟ್ಟಿದ್ದೇವೆ. ಮಗುಚಲು ಆಗುವುದಿಲ್ಲ. ತಲೆ ಬಗ್ಗಿಸಿ ಆರಾಮಾಗಿ ಕುಡಿಯುತ್ತವೆ, ಬಾಟ್ಲಿಗಿಂತ ಜಾಸ್ತಿಯೇ ಕುಡಿಯುತ್ತವೆ. ಕಸ ಬೀಳುತ್ತದೆ ನಿಜ, ದಿನಾ ತೊಳೆದು ತುಂಬಬೇಕು. ತೊಳೆಯೋಣ.

ತಗೊಳ್ಳಲೇಬೇಕು ಅನ್ನುವವರು ಡಬ್ಬಿ ತಿರುಗಿಸಿ ನೋಡಿ. ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ಯಾವ ದೇಶದ್ದು ಅನ್ನುವುದು ಇರಲೇಬೇಕು. ನನ್ನ ಡಬ್ಬಿಯಲ್ಲಿ ಮೊಲ ಮಾತ್ರ ಇತ್ತು. ಬಿಲ್ ಬಿಡಬೇಡಿ, ಜಿಎಸ್‌ಟಿ ಸೇರಿದರೆ ಸೇರಲಿ. ಹೊಸದು ಹಾಕಿದರೂ ಮೊಲಗಳು ಅದರಲ್ಲಿ ಕುಡಿಯುವುದನ್ನು ಕಣ್ಣಾರೆ ನೋಡುವ ತನಕ ಬಟ್ಟಲು ತೆಗೆಯಬೇಡಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದುಡ್ಡು ಫೋನಲ್ಲೇ ಹಾಕಿದ್ದರಿಂದ ಅದರ ದಾಖಲೆ ಇದೆ, ಚೀಟಿ ಇದೆ, ಬೆಲ್ಲ ಹಚ್ಚಿ ಅಂದ ಮೆಸೇಜೂ ಇದೆ. ವಿಷಯ ಕಿವಿಗೆ ಬಿದ್ದ ಕೂಡಲೇ ಆ ಸೆಟ್ ಮಾರಿದವನ ಫೋನ್ ಬಂತು. “ಯಾಕೆ ಮೇಡಂ ಇಷ್ಟು ಸಣ್ಣದಕ್ಕೆ? ಅರ್ಧ ದುಡ್ಡು ಕೊಡ್ತೀನಿ, ದೂರು ತೆಗೀರಿ.” ಪೂರ್ತಿ ದುಡ್ಡು, ಜೊತೆಗೆ ಡಾಕ್ಟರ ಖರ್ಚು ಕೊಡು ಅಂದೆ. ಆಮೇಲೆ ಫೋನ್ ಎತ್ತುತ್ತಿಲ್ಲ. ಮೊನ್ನೆ ನಮ್ಮ ಭಾವನ ಮಗ ಆ ಕಡೆ ಹೋಗಿದ್ದವನು ಅದೇ ಡಬ್ಬಿಯ ಫೋಟೋ ಹೊಡೆದು ಕಳಿಸಿದ್ದಾನೆ. ಷೋಕೇಸಿನಲ್ಲಿ ಮುಂದುಗಡೆಯೇ ಇಟ್ಟಿದ್ದಾನೆ. ಈಗ ರೇಟು 2,600 ಅಂತೆ.