ಪ್ಲಾನಿಂಗ್ ಸಾಫ್ಟ್‌ವೇರ್ ಅಥವಾ ತಿಂಗಳ ಮೀಟಿಂಗ್? ಎರಡನ್ನೂ ನಡೆಸಿ ನೋಡಿದೆ

ನನ್ನ ಓಟು ತಿಂಗಳ ಮೀಟಿಂಗ್‌ಗೆ. ದುಬಾರಿ ಸಾಫ್ಟ್‌ವೇರ್ ಕೊಂಡು 14 ತಿಂಗಳು ದುಡಿಸಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಯಂತ್ರಗಳ ಬಿಡಿಭಾಗ ಮಾರುವ ಮಧ್ಯಮ ಗಾತ್ರದ ಕಂಪನಿ. ಸುಮಾರು 3,000 ಐಟಂ. ಸ್ಟಾಕ್ ಮತ್ತು ಸಾಗಣೆಯ ಪ್ಲಾನಿಂಗ್ ನನ್ನ ಕೆಲಸ. ಎಲ್ಲರಿಗಿಂತ ಅಗ್ಗಕ್ಕೆ ಕೊಡುವ ದಾರಿ ಬಿಟ್ಟು, ಮುಖ್ಯ ಐಟಂಗಳನ್ನು ಮರುದಿನವೇ ತಲುಪಿಸೋಣ ಅಂತ ಮಾಲೀಕರು ತೀರ್ಮಾನಿಸಿದರು. ಒಳ್ಳೆಯ ತೀರ್ಮಾನವೇ. ಆದರೆ ಅದು ಗೋದಾಮಿನ ತನಕ ಇಳಿಯಬೇಕಲ್ವಾ? ಅದಕ್ಕೆಂದೇ, ಯಾವ ಐಟಂ ಎಷ್ಟು ತರಿಸಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ತಂದೆವು.

ಎಡವಿದ್ದು ಒಂದೇ ಒಂದು ಕಾಲಂನಲ್ಲಿ. ಸರ್ವಿಸ್ ಲೆವೆಲ್. ಅಂದರೆ ಮುಂದಿನ ಲೋಡ್ ಬರುವ ತನಕ ಸ್ಟಾಕ್ ಖಾಲಿಯಾಗದೆ ಉಳಿಯುವ ಸಾಧ್ಯತೆ. ಅಳವಡಿಸಲು ಬಂದವರು ಎಲ್ಲ ಐಟಂಗೂ 98% ಅಂತ ತುಂಬಿದರು. ನಾವೂ ತಲೆಯಾಡಿಸಿದೆವು. ಕೇಳಲು ಚಿಕ್ಕ ಅಂಕಿ. ಆದರೆ ಸೇಫ್ಟಿ ಸ್ಟಾಕ್, ಅಂದರೆ ಬೇಡಿಕೆ ಏರಿಳಿದರೂ ಸಾಲಲಿ ಅಂತ ಹೆಚ್ಚುವರಿಯಾಗಿ ಇಡುವ ಸ್ಟಾಕ್. ಅದರ ಲೆಕ್ಕದಲ್ಲಿ ಏರಿಳಿತವನ್ನು ಗುಣಿಸುವ ಅಂಕಿ 90ಕ್ಕೆ 1.28, 95ಕ್ಕೆ 1.65, 98ಕ್ಕೆ 2.05, 99ಕ್ಕೆ 2.33. ಅಂದರೆ 90 ಸಾಕಾಗುವ ಕಡೆ 98 ಹಾಕಿದರೆ ಸೇಫ್ಟಿ ಸ್ಟಾಕ್ 60% ಜಾಸ್ತಿ.

ವರ್ಷಕ್ಕೆ ನಾಲ್ಕೇ ಸಲ ಹೋಗುವ ರಬ್ಬರ್ ಸೀಲ್‌ಗೂ 98. ಇಂಥ ಐಟಂಗೆ ಈ ಲೆಕ್ಕ ಸರಿಯಾಗಿ ಹೊಂದುವುದೂ ಇಲ್ಲ. ತಿಂಗಳುಗಟ್ಟಲೆ ಸೊನ್ನೆ, ಆಮೇಲೆ ಒಮ್ಮೆಲೇ 40. ಸಾಫ್ಟ್‌ವೇರ್ ಕಣ್ಣಿಗೆ ಇದು ದೊಡ್ಡ ಏರಿಳಿತ, ಹಾಗಾಗಿ ಇನ್ನಷ್ಟು ತರಿಸು ಅನ್ನುತ್ತದೆ. ಒಂದು ಬೆಳಿಗ್ಗೆ ಗೋದಾಮಿಗೆ ಹೋದರೆ ಬಾಗಿಲ ಪಕ್ಕದ ರ್ಯಾಕ್ ತುಂಬಾ ಸೀಲ್ ಡಬ್ಬಗಳು, ಮೇಲೆ ಧೂಳು. ದಿನವೂ ಹೋಗುವ ಬೇರಿಂಗ್ ಜಾಗ ಖಾಲಿ. ಖರೀದಿಯ ದುಡ್ಡು ಸೀಲ್‌ನಲ್ಲಿ ಕೂತಿತ್ತು.

ಬದಲಿಸಿದರಾಯಿತು ಅಂದುಕೊಂಡೆ. ಐಟಂಗಳನ್ನು ಗುಂಪು ಮಾಡಿ ಬದಲಿಸಲು ಬೇರೆ ಮಾಡ್ಯೂಲ್ ಬೇಕಂತೆ, ಅದಕ್ಕೆ ಬೇರೆ ದುಡ್ಡು. ಸರಿ, ಒಂದೊಂದಾಗಿ ಕೈಯಲ್ಲೇ ಬದಲಿಸಿದೆ. ಎರಡು ವಾರ ಹಿಡಿಯಿತು. ಮುಂದಿನ ಅಪ್‌ಡೇಟ್ ಬಂದಾಗ ಎಲ್ಲವೂ ಮತ್ತೆ 98ಕ್ಕೆ ಹೋಗಿ ಕೂತವು. ಆ ದಿನ ನಿಜಕ್ಕೂ ಅಳು ಬಂತು.

ಇನ್ನು ಮೀಟಿಂಗ್. ಎಸ್ ಅಂಡ್ ಓಪಿ (ಸೇಲ್ಸ್ ಅಂಡ್ ಆಪರೇಷನ್ಸ್ ಪ್ಲಾನಿಂಗ್) ಅನ್ನುತ್ತಾರೆ, 1980ರ ದಶಕದಿಂದ ಇರುವ ಪದ್ಧತಿ. ಸೇಲ್ಸ್, ಖರೀದಿ, ಗೋದಾಮು, ಅಕೌಂಟ್ಸ್, ಮಾಲೀಕರು ತಿಂಗಳಿಗೊಮ್ಮೆ ಒಂದೇ ಶೀಟ್ ಮುಂದೆ ಕೂರುವುದು. ಸೇಲ್ಸ್ ಪ್ಲಾನ್ ದುಡ್ಡಿನ ಲೆಕ್ಕದಲ್ಲಿ, ಖರೀದಿ ಕಿಲೋದಲ್ಲಿ, ಗೋದಾಮು ಪ್ಯಾಲೆಟ್‌ನಲ್ಲಿ ಇತ್ತು. ಅದನ್ನು ಹೊಂದಿಸುವುದರಲ್ಲೇ ಮೊದಲ ಎರಡು ಮೀಟಿಂಗ್ ಮುಗಿದವು. ಮೂರನೆಯದರಲ್ಲಿ ಮಾಲೀಕರನ್ನು ನೇರವಾಗಿ ಕೇಳಿದೆ: ಸೀಲ್ ಇಲ್ಲದಿದ್ದರೆ ಗಿರಾಕಿ ಎಷ್ಟು ದಿನ ಕಾಯಬಹುದು? "ಹತ್ತು ದಿನ ಕಾಯಲಿ, ಬೇರಿಂಗ್ ಮಾತ್ರ ತಪ್ಪಬಾರದು" ಅಂದರು. ನನಗೆ ಬೇಕಿದ್ದದ್ದು ಆ ಒಂದು ಮಾತು. ಮುಖ್ಯ ಐಟಂಗೆ 99, ಮಧ್ಯದವಕ್ಕೆ 95, ಸೀಲ್‌ನಂಥವು ಆರ್ಡರ್ ಬಂದ ಮೇಲೆ ಮಾತ್ರ. ಅರ್ಧ ಗಂಟೆಯಲ್ಲಿ ಮುಗಿಯಿತು.

ಸಾಗಣೆಯ ವಿಷಯವೂ ಅಲ್ಲೇ ಹೊರಬಂತು. ಮರುದಿನ ತಲುಪಿಸಬೇಕೆಂದರೆ ಗಾಡಿ ಅರ್ಧ ಖಾಲಿ ಇದ್ದರೂ ಹೊರಡಬೇಕು. ಆ ಖರ್ಚಿಗೆ ಅಕೌಂಟ್ಸ್‌ನವರು ಎದುರಿಗೇ ಒಪ್ಪಿದರು.

ಮುಂದಿನ ಬೇಡಿಕೆ ಅಂದಾಜಿಸುವ (ಫೋರ್‌ಕಾಸ್ಟ್) ಲೆಕ್ಕದ ವೇಗದಲ್ಲಿ ಸಾಫ್ಟ್‌ವೇರ್ ಎಷ್ಟೋ ಮುಂದೆ. ಶೀಟ್‌ನಲ್ಲಿ ಇಬ್ಬರು ಒಟ್ಟಿಗೆ ಕೈಯಾಡಿಸಿದರೆ ಫಾರ್ಮುಲಾ ಕೆಡುತ್ತದೆ.

ನಮ್ಮ ಬಜೆಟ್ ಚಿಕ್ಕದು, ಮಾಲೀಕರು ತಾವೇ ಬಂದು ಕೂರುತ್ತಾರೆ, ನನಗೂ ಎದುರು ಕೂತು ಕೇಳುವ ಅಭ್ಯಾಸ. ಹಾಗಾಗಿ ಮೀಟಿಂಗ್ ಸಾಕು. 30,000 ಐಟಂ, ಐದಾರು ಗೋದಾಮು ಇರುವವರಿಗೆ ಸಾಫ್ಟ್‌ವೇರ್ ಬೇಕೇ ಬೇಕು. ಆದರೆ ಆ ಸರ್ವಿಸ್ ಲೆವೆಲ್ ಕಾಲಂ ತುಂಬುವ ದಿನ ಮಾಲೀಕರು ಪಕ್ಕದಲ್ಲಿರಲಿ. ಅಪ್‌ಡೇಟ್ ಆದ ಮೇಲೂ ಅಂಕಿ ಹಾಗೇ ಉಳಿಯುತ್ತದಾ ಅಂತ ಕೊಳ್ಳುವ ಮೊದಲೇ ಬರೆಸಿಕೊಳ್ಳಿ.