ದರ್ಪಣ ಸುಂದರಿಯ ಮುಖ ಬೈಂಡಿಂಗ್‌ಗೆ ಹೋಯಿತು: ಪೋರ್ಟ್‌ಫೋಲಿಯೊ ಪ್ರಿಂಟ್ ಹಾಕಿಸುವವರಿಗೆ ಎಚ್ಚರಿಕೆ

ಬೆಂಗಳೂರಿನ ಸಂದರ್ಶನಕ್ಕೆಂದು ಹಿಂದಿನ ದಿನ ಸಂಜೆ ಹಾಸನದಲ್ಲಿ ಪ್ರಿಂಟ್ ಹಾಕಿಸಿದ 24 ಪುಟಗಳ ಎ4 ಪೋರ್ಟ್‌ಫೋಲಿಯೊ (ಚಿತ್ರ, ವಿನ್ಯಾಸದ ಕೆಲಸ ತೋರಿಸುವ ಪುಸ್ತಕ) ಒಂದು ಪೂರ್ತಿ ಹಾಳಾಯಿತು. ಚಿತ್ರಗಳು ಚೆನ್ನಾಗಿದ್ದವು, ಅಂಗಡಿಯ ಮಷೀನೂ ಸರಿಯಾಗಿತ್ತು. ಕೆಟ್ಟಿದ್ದು ಫೈಲ್. ಬೆಳಿಗ್ಗೆ ಬಸ್ ಹತ್ತುವ ಹೊತ್ತಿಗೆ ತಿದ್ದಲು ಸಮಯವೇ ಉಳಿದಿರಲಿಲ್ಲ. ಬೇರೆ ಯಾರಿಗೂ ಹೀಗಾಗಬಾರದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕನ್ನಡ ಅಕ್ಷರಕ್ಕೆ. ಹಾಸನಾಂಬ ಜಾತ್ರೆಯ ಪೋಸ್ಟರ್‌ನಲ್ಲಿ ‘ಜಾತ್ರೆ’ಯ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಕಾಫಿ ಪುಡಿ ಪ್ಯಾಕೆಟ್‌ನ ಲೇಬಲ್‌ನಲ್ಲಿ ‘ಚಿಕ್ಕಮಗಳೂರು’ ಹೋಗಿ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಬಂದಿತ್ತು. ಎರಡಕ್ಕೂ ಕಾರಣ ಬೇರೆ ಬೇರೆ. ಲೇಬಲ್ ಟೈಪ್ ಮಾಡಿದ್ದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೆಯ ಆಸ್ಕಿ (ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ) ಫಾಂಟ್‌ನಲ್ಲಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಒಳಗಿರುವ ರೋಮನ್ ಸಂಕೇತಗಳೇ ಕಾಣುತ್ತವೆ. ಪೋಸ್ಟರ್‌ನಲ್ಲಿದ್ದದ್ದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಪದ್ಧತಿ. ಅದನ್ನು ವಿನ್ಯಾಸದ ತಂತ್ರಾಂಶವಾದ ಇಲಸ್ಟ್ರೇಟರ್‌ನಲ್ಲಿ ಕೂರಿಸುವಾಗ ಭಾರತೀಯ ಲಿಪಿಗಳ ಆಯ್ಕೆ ಆನ್ ಆಗಿರಲಿಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಇಂಡಿಕ್ ಆಪ್ಷನ್ಸ್’ ಗುರುತು ಹಾಕಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಆರಿಸಿದರೆ ಒತ್ತು ಜಾಗಕ್ಕೆ ಬರುತ್ತದೆ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಈ ಕಂಪೋಸರ್‌ನ ಹೆಸರು ವರ್ಲ್ಡ್ ರೆಡಿ ಕಂಪೋಸರ್.

ಅಕ್ಷರ ಸರಿಯಾಗಿ ಕಂಡ ಮೇಲೆ ಫೈಲಿನ ಒಂದು ನಕಲು ಮಾಡಿ, ನಕಲಿನಲ್ಲಿ ಎಲ್ಲ ಅಕ್ಷರವನ್ನೂ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಗೆರೆಯ ಆಕಾರಕ್ಕೆ, ತಿರುಗಿಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಮೂಲ ಫೈಲನ್ನು ಮುಟ್ಟಬೇಡಿ, ಕರ್ವ್ಸ್ ಆದ ಮೇಲೆ ಕಾಗುಣಿತ ತಿದ್ದಲಾಗದು. ಪ್ರೆಸ್‌ಗೆ ಕೊಡುವುದು ಪಿಡಿಎಫ್ ಮಾತ್ರ. ತೆರೆದ ಕೋರೆಲ್ ಫೈಲ್ ಕೊಟ್ಟರೆ, ಅಲ್ಲಿ ಹಳೆಯ ಆವೃತ್ತಿ ಇದ್ದರೆ ಅದು ತೆರೆಯುವುದೇ ಇಲ್ಲ.

ಇನ್ನು ಬೇಲೂರಿನ ದರ್ಪಣ ಸುಂದರಿ. ಎರಡು ಪುಟಕ್ಕೂ ಹರಡಿದ ಚಿತ್ರ, ಮುಖ ಸರಿಯಾಗಿ ನಡುವೆ. ಮಾಡಿಸಿದ್ದು ಗಮ್ ಬೈಂಡಿಂಗ್. ಅದರಲ್ಲಿ ಬೆನ್ನಿನ ಅಂಚನ್ನು ಎರಡು ಮೂರು ಮಿ.ಮೀ. ಉಜ್ಜಿ ಅಂಟು ಹಾಕುತ್ತಾರೆ, ಪುಟವೂ ಪೂರ್ತಿ ಮಲಗುವುದಿಲ್ಲ. ಎರಡೂ ಕಡೆ ಸುಮಾರು ಒಂದೊಂದು ಸೆಂ.ಮೀ. ಮಡಿಕೆಯೊಳಗೆ ಹೋಗುತ್ತದೆ. ಕನ್ನಡಿ ಹಿಡಿದ ಕೈ ಉಳಿಯಿತು, ಮುಖ ಹೋಯಿತು. ವಾರಗಟ್ಟಲೆ ಕೂತು ಬಿಡಿಸಿದ ಗೆರೆ ಅದು, ನೋಡಿದರೆ ಸಂಕಟವಾಗುತ್ತದೆ. 24 ಪುಟಕ್ಕೆ ಸೆಂಟರ್ ಪಿನ್ (ಹಾಳೆಗಳನ್ನು ಮಡಿಸಿ ನಡುವೆ ಪಿನ್ ಹೊಡೆಯುವುದು) ಸಾಕಿತ್ತು: ಆರು ಹಾಳೆ, 170 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಎಂಬ ತೂಕ) ಆರ್ಟ್ ಪೇಪರ್. ಸೆಂಟರ್ ಪಿನ್‌ಗೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಪುಟಗಳನ್ನು ಒಂದೊಂದಾಗಿಯೇ ಕೊಡಿ, ಜೋಡಿಸುವ ಕೆಲಸ ಪ್ರೆಸ್‌ನವರದು. ಮುಖ, ಸಹಿ, ಅಕ್ಷರ ಯಾವುದೂ ಮಡಿಕೆಯ ಹತ್ತಿರ ಬೇಡ.

ಅಂಚಿನಲ್ಲಿ ಬಿಳಿ ಗೀರು ಬಂದದ್ದಕ್ಕೆ ಕಾರಣ ಲೆಕ್ಕ. ಎ4 ಅಂದರೆ 210×297 ಮಿ.ಮೀ. ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯಲೆಂದು ಅಂಚಿನಾಚೆ ಬಿಡುವ ಹೆಚ್ಚುವರಿ ಚಿತ್ರ) ಸೇರಿದರೆ 216×303. ಎರಡು ಪುಟ ಪಕ್ಕಪಕ್ಕ ಇಟ್ಟಾಗ ಈ 303 ಕೂರಬೇಕಾದದ್ದು ಹಾಳೆಯ ಅಗಲದಲ್ಲಿ. ಡಿಜಿಟಲ್ ಪ್ರೆಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ 12×18 ಇಂಚಿನ ಹಾಳೆಯ ಅಗಲ 305 ಮಿ.ಮೀ. ಮಾತ್ರ, ಮಷೀನ್ ಹಾಳೆಯ ತುದಿಯವರೆಗೆ ಮುದ್ರಿಸುವುದೂ ಇಲ್ಲ. ಹಾಗಾಗಿ ಬ್ಲೀಡ್ ಕೊಟ್ಟರೂ ಅದು ಹಾಳೆಯ ಮೇಲೆ ಬೀಳುವುದಿಲ್ಲ. 13×19 ಇಂಚಿನ ಹಾಳೆ ಇದೆಯೇ ಎಂದು ಮೊದಲೇ ಕೇಳಿ. ಇಲ್ಲವೆಂದರೆ ಪುಸ್ತಕದ ಎತ್ತರವನ್ನು 280 ಮಿ.ಮೀ.ಗೆ ಇಳಿಸಿ.

ಬಣ್ಣದ ವಿಷಯ ಎಲ್ಲರಿಗೂ ಗೊತ್ತು, ಆದರೂ ಎಡವುತ್ತಾರೆ. ಪರದೆಯ ಮೇಲೆ ಹೊಳೆಯುತ್ತಿದ್ದ ಮುಳ್ಳಯ್ಯನಗಿರಿಯ ಹಸಿರು ಕಾಗದದ ಮೇಲೆ ಬಾಡಿದ ಸೊಪ್ಪಿನಂತಾಯಿತು. ಗಾಢ ಹಸಿರು, ನೀಲಿ, ಕಿತ್ತಳೆಗಳನ್ನು ಸಿಎಂವೈಕೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ಮುದ್ರಣದ ನಾಲ್ಕು ಬಣ್ಣ) ಶಾಯಿ ಅಷ್ಟೇ ಕಾಂತಿಯಲ್ಲಿ ಕೊಡಲಾರದು. ಫೋಟೋಶಾಪ್‌ನಲ್ಲಿ ಕಂಟ್ರೋಲ್ ವೈ ಒತ್ತಿದರೆ ಮುದ್ರಣದ ಬಣ್ಣ ಹೆಚ್ಚುಕಡಿಮೆ ಮೊದಲೇ ಕಾಣುತ್ತದೆ. ಅದನ್ನು ನೋಡಿಕೊಂಡೇ ಪಕ್ಕದ ಬಣ್ಣಗಳನ್ನು ತಗ್ಗಿಸಿ, ಆಗ ಹಸಿರು ತಾನೇ ಎದ್ದು ಕಾಣುತ್ತದೆ. ಸಣ್ಣ ಅಕ್ಷರದ ಕಪ್ಪು ಬರೀ ಕೆ 100, ಅಂದರೆ ಕಪ್ಪು ಶಾಯಿಯೊಂದೇ, ಇರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಅಂಚು ಮಸುಕಾಗುತ್ತದೆ.

ಎರಡು ಚಿತ್ರಗಳು ಒಡೆದು ಕಂಡದ್ದು ವಾಟ್ಸಾಪ್‌ನಿಂದ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಪೂರ್ತಿ ಎ4ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 2480×3508 ಪಿಕ್ಸೆಲ್ ಬೇಕು. ಪೆನ್‌ಡ್ರೈವ್ ಒಯ್ಯುವುದು ಇನ್ನೂ ಒಳ್ಳೆಯದು.

ಸಂದರ್ಶನಕ್ಕೆ ಕನಿಷ್ಠ ಮೂರು ದಿನ ಮೊದಲೇ ಪ್ರಿಂಟ್ ಹಾಕಿಸಲು ಹೋಗಿ. ಕನ್ನಡ ಅಕ್ಷರ ಹೆಚ್ಚಿರುವ ಪುಟ, ಹಸಿರು ಹೆಚ್ಚಿರುವ ಪುಟ, ಎರಡನ್ನು ಮಾತ್ರ ಆರಿಸಿದ ಕಾಗದದ ಮೇಲೆಯೇ ತೆಗೆಸಿ. ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ಒಪ್ಪಬೇಡಿ, ಹೊರಗೆ ಹಗಲು ಬೆಳಕಿಗೆ ಹಿಡಿದು ನೋಡಿ. ಮ್ಯಾಟ್ ಲ್ಯಾಮಿನೇಶನ್ ಬೇಕಿದ್ದರೆ ಅದನ್ನೂ ಆ ಹಾಳೆಗೇ ಹಾಕಿಸಿ, ಬಣ್ಣ ಅದರಿಂದ ಇನ್ನೊಂದಿಷ್ಟು ಮಂಕಾಗುತ್ತದೆ. 300 ಜಿಎಸ್‌ಎಂ ರಕ್ಷಾಪುಟವಿದ್ದರೆ ಮಡಿಸುವ ಮೊದಲು ಕ್ರೀಸಿಂಗ್ (ಮಡಿಕೆಯ ಜಾಗದಲ್ಲಿ ಒತ್ತುಗೆರೆ) ಹಾಕಲು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಬೆನ್ನಿನ ಉದ್ದಕ್ಕೂ ಟೋನರ್ (ಪುಡಿ ಶಾಯಿ) ಬಿರಿದು ಬಿಳಿ ಗೆರೆ ಕಾಣುತ್ತದೆ.